ಸ್ವಿಟ್ಜರ್ಲೆಂಡಿನಿಂದ ವಲಸೆ ಹೋದ ಒಬ್ಬ ದ್ರಾಕ್ಷಿ ಬೇಸಾಯಗಾರನೂ ಆತನ ಕುಟುಂಬವೂ

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು, ಎಲ್.ಎಜಿ., ಬರೆದುದು)

ಪೀಠಿಕೆ

ವ್ಯವಸಾಯದಲ್ಲಿ ಲಾಭ ಪಡೆದವರ ಚರಿತ್ರೆಯನ್ನು ಎಲ್ಲರೂ ಆಸೆಯಿಂದ ಕೇಳುತ್ತಾರೆ. ನಷ್ಟಪಟ್ಟವರ ಚರಿತ್ರೆಯನ್ನು ಕೇಳುವವರು ಕಡಮೆ. ಆದರೆ ನಷ್ಟವು ಯಾತರಿಂದ ಉಂಟಾಯಿತು, ಆ ನಷ್ಟದ ನಡುವೆಯೂ ಉಳಿದು ಬಂದದ್ದು ಯಾವುದು, ಎಂಬುದನ್ನು ವಿಚಾರಿಸಿ ತಿಳಿದುಕೊಂಡಲ್ಲಿ, ಅದರಿಂದ ದೊರೆಯುವ ಪ್ರಯೋಜನವು ಲಾಭದ ಕಥೆಯಿಂದ ದೊರೆಯುವ ಪ್ರಯೋಜನಕ್ಕೆ ಏನೂ ಕಡಮೆಯಾದುದಲ್ಲ. ಆದಕಾರಣ ಈ ತಿಂಗಳು ಅಂತಹ ಒಂದು ಚರಿತ್ರೆಯನ್ನು ವಾಚಕರ ಮುಂದೆ ಇಡುತ್ತೇನೆ.

ಇಲ್ಲಿ ಹೇಳಹೊರಟಿರುವುದು ಜಾನ್ ಜೇಮ್ಸ್ ಡುಫೋರ್ ಎಂಬ ಬೇಸಾಯಗಾರನ ವಿಷಯ. ಆತನ ಮಾತೃಭಾಷೆಯಾದ ಫ್ರೆಂಚಿನಲ್ಲಿ ಈ ಹೆಸರನ್ನು ಝಾನ್ ಝಾಕ್ ಎಂದು ಹೇಳುವರು. ಆತನು 1763ನೆಯ ಇಸವಿಯಲ್ಲಿ ಸ್ವಿಟ್ಜರ್ಲೆಂಡ್ ದೇಶದಲ್ಲಿ ಹುಟ್ಟಿ, 1796ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನಗಳಿಗೆ ವಲಸೆ ಹೋಗಿ, 1827ರಲ್ಲಿ ಅಲ್ಲಿಯೇ ಕಾಲವಾದನು. ಆತನು ದ್ರಾಕ್ಷಿಯನ್ನು ಬೆಳೆದದ್ದು ದ್ರಾಕ್ಷಾರಸವನ್ನು ತೆಗೆದು ಹುದುಗಿಸಿ ಮಾರುವುದಕ್ಕಾಗಿ. ಮದ್ಯದ ಗುಣದೋಷಗಳ ವಿಚಾರವು ಈ ಪತ್ರಿಕೆಗೆ ಸಂಬಂಧಪಟ್ಟದ್ದಲ್ಲವಾದ್ದರಿಂದ ಅದನ್ನು ಇಲ್ಲಿ ಎತ್ತುವುದಿಲ್ಲ. ಪರಸ್ಥಳದ ಬೆಳೆಯೊಂದನ್ನು ಹೊಸ ನೆಲದಲ್ಲಿ ನಾಟಿಮಾಡುವವನು ಏನನ್ನು ನೋಡಬೇಕು, ಏನನ್ನು ನಂಬಬಾರದು, ಎಂಬುದಷ್ಟೇ ನಮಗೆ ಮುಖ್ಯವಾದುದು.

ಹುಟ್ಟಿದ ಊರು

ಸ್ವಿಟ್ಜರ್ಲೆಂಡಿನ ಪಶ್ಚಿಮ ಭಾಗದಲ್ಲಿ ಜಿನೀವಾ ಎಂಬ ದೊಡ್ಡ ಸರೋವರವಿದೆ. ಅದರ ಉತ್ತರ ದಡದಲ್ಲಿ ವೋ ಎಂಬ ಸೀಮೆಯೂ, ಆ ಸೀಮೆಯಲ್ಲಿ ವೆವೇ ಎಂಬ ಊರೂ ಇವೆ. ಡುಫೋರನ ಮನೆತನದವರು ಈ ಊರಿಗೆ ಸಮೀಪದಲ್ಲಿ ತಲೆತಲಾಂತರದಿಂದ ದ್ರಾಕ್ಷಿ ಬೇಸಾಯ ಮಾಡಿಕೊಂಡಿದ್ದವರು. ಇಲ್ಲಿಯ ತೋಟಗಳು ನಮ್ಮ ಕಡೆಯ ತೋಟಗಳಂತೆ ಸಮನೆಲದಲ್ಲಿರುವುದಿಲ್ಲ. ಸರೋವರಕ್ಕೆ ಎದುರಾಗಿ, ದಕ್ಷಿಣದ ಬಿಸಿಲಿಗೆ ಮೊಗಮಾಡಿರುವ ಕಡಿದಾದ ಇಳಿಜಾರುಗಳಲ್ಲಿ ಕಲ್ಲಿನ ಗೋಡೆಗಳನ್ನು ಕಟ್ಟಿ, ಮೆಟ್ಟಲು ಮೆಟ್ಟಲಾಗಿ ಪಟ್ಟೆಗಳನ್ನು ಮಾಡಿ, ಆ ಪಟ್ಟೆಗಳಲ್ಲಿ ಬಳ್ಳಿಗಳನ್ನು ನಾಟಿರುತ್ತಾರೆ. ಮಳೆಗೆ ಕೊಚ್ಚಿ ಕೆಳಗೆ ಬಂದ ಮಣ್ಣನ್ನು ಬುಟ್ಟಿಗಳಲ್ಲಿ ತುಂಬಿ, ಬೆನ್ನಿನ ಮೇಲೆ ಹೊತ್ತು, ಪುನಃ ಮೇಲಕ್ಕೆ ಹಾಕುವುದು ಅಲ್ಲಿಯ ರೈತರ ಪೂರ್ವದ ಪದ್ಧತಿ. ಒಂದು ಮಂಕರಿ ಮಣ್ಣಿನ ಬೆಲೆಯನ್ನು ಬಲ್ಲ ಜನರಲ್ಲಿ ಡುಫೋರನು ಹುಟ್ಟಿದನೆಂದು ತಿಳಿಯಬೇಕು.

ವೆವೇ ಊರಿನಲ್ಲಿ ದ್ರಾಕ್ಷಿ ತೋಟಗಾರರ ಪುರಾತನವಾದ ಒಂದು ಸಂಘವುಂಟು. ಈ ಸಂಘದವರು ತಜ್ಞರಿಂದ ತೋಟಗಳನ್ನು ತನಿಖೆ ಮಾಡಿಸಿ, ಶ್ರದ್ಧೆಯಿಂದ ಕೆಲಸಮಾಡಿದ ತೋಟಗಾರರಿಗೆ ಬಹುಮಾನವನ್ನು ಕೊಡುತ್ತಾರೆ. 1797ರಲ್ಲಿ, ಎಂದರೆ ಡುಫೋರನು ಊರು ಬಿಟ್ಟ ಮರುವರ್ಷ, ಅತ್ಯುತ್ತಮ ತೋಟಗಾರರಿಗೆ ಬಹಿರಂಗವಾಗಿ ಕಿರೀಟವಿಟ್ಟು ಗೌರವಿಸುವ ಉತ್ಸವವು ಪ್ರಾರಂಭವಾಯಿತು. ತಲೆಮಾರಿಗೆ ಒಂದಾವರ್ತಿ ನಡೆಯುವ ಈ ಉತ್ಸವವು 2019ರಲ್ಲಿಯೂ ನಡೆದಿದೆ. ಉತ್ತಮ ಬೇಸಾಯಗಾರನಿಗೆ ಊರಿನ ನಡುವೆ ಮರ್ಯಾದೆ ಮಾಡುವ ಈ ಪದ್ಧತಿಯನ್ನು ನಮ್ಮ ಗ್ರಾಮಗಳ ಯಜಮಾನರು ಮನಸ್ಸಿಗೆ ತಂದುಕೊಳ್ಳಬಹುದು.

ಭೂಪಟವನ್ನು ನಂಬಿದ ಹುಡುಗ

ಡುಫೋರನು ಇನ್ನೂ ಹುಡುಗನಾಗಿದ್ದಾಗ ಅಮೆರಿಕದವರು ತಮ್ಮ ಸ್ವಾತಂತ್ರ್ಯಕ್ಕಾಗಿ ಇಂಗ್ಲೆಂಡಿನೊಡನೆ ಯುದ್ಧ ಮಾಡುತ್ತಿದ್ದರು. ಅವರ ಸಹಾಯಕ್ಕೆ ಹೋಗಿದ್ದ ಫ್ರೆಂಚ್ ಅಧಿಕಾರಿಗಳು, ಆ ದೇಶದಲ್ಲಿ ಸಮಸ್ತವೂ ಸಮೃದ್ಧಿಯಾಗಿದ್ದರೂ ದ್ರಾಕ್ಷಾರಸ ಮಾತ್ರ ದುರ್ಲಭವೆಂದು ದೂರಿದ ಸುದ್ದಿಯನ್ನು ಈ ಹುಡುಗನು ವೃತ್ತಪತ್ರಿಕೆಗಳಲ್ಲಿ ಓದಿದನು. ಭೂಪಟವನ್ನು ತೆಗೆದು ನೋಡಲು, ಅಮೆರಿಕದ ಅನೇಕ ಪ್ರಾಂತಗಳು ಯೂರೋಪಿನ ದ್ರಾಕ್ಷಿ ಬೆಳೆಯುವ ದೇಶಗಳ ಅಕ್ಷಾಂಶದಲ್ಲಿಯೇ ಇರುವುದು ಕಂಡಿತು. ಹಾಗಿದ್ದಮೇಲೆ ಅಲ್ಲಿಯೂ ದ್ರಾಕ್ಷಿ ಬೆಳೆಯಲೇಬೇಕೆಂದು ನಿಶ್ಚಯಿಸಿ, ದೊಡ್ಡವನಾದಮೇಲೆ ಆ ಕಾರ್ಯವನ್ನು ತಾನೇ ನೆರವೇರಿಸಬೇಕೆಂದು ಸಂಕಲ್ಪ ಮಾಡಿಕೊಂಡನು.

ಈ ತರ್ಕದಲ್ಲಿ ಒಂದು ದೊಡ್ಡ ಲೋಪವಿತ್ತು. ಮುಂದೆ ಆತನು ತೋಟವಿಟ್ಟ ಕೆಂಟಕಿ ಸೀಮೆಯು 38ನೆಯ ಅಕ್ಷಾಂಶದಲ್ಲಿದೆ. ಪೋರ್ಚುಗಲ್ ದೇಶದ ಲಿಸ್ಬನ್ ಪಟ್ಟಣವೂ ಹೆಚ್ಚು ಕಡಮೆ ಅದೇ ಅಕ್ಷಾಂಶದಲ್ಲಿದೆ. ಆದರೆ ಲಿಸ್ಬನಿನಲ್ಲಿ ಬೇಸಗೆಯು ಒಣಗಾಳಿಯದು, ಚಳಿಗಾಲವು ಮೃದುವಾದುದು. ಕೆಂಟಕಿಯಲ್ಲಾದರೋ ಬೇಸಗೆಯಲ್ಲಿ ಸೆಕೆಯೂ ಮಳೆಯೂ ಒಟ್ಟಿಗೆ ಬರುತ್ತವೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುತ್ತದೆ. ಚೈತ್ರ ವೈಶಾಖದಲ್ಲಿ ಚಿಗುರು ಬಂದಮೇಲೆಯೂ ಹಿಮ ಬೀಳುವುದುಂಟು. ಮಳೆ ಬರುವ ತಿಂಗಳು, ಗಾಳಿಯ ತೇವ, ನೆಲದ ಗುಣ, ನೆಲದೊಳಗಿನ ಕ್ರಿಮಿಗಳು, ಇವು ಯಾವುವನ್ನೂ ಭೂಪಟವು ಹೇಳುವುದಿಲ್ಲ.

ಅಮೆರಿಕದಲ್ಲಿ ತನಿಖೆ

ಡುಫೋರನು ತನ್ನ 33ನೆಯ ವಯಸ್ಸಿನಲ್ಲಿ ಹೆಂಡತಿಯನ್ನೂ ಮಗನನ್ನೂ ಸ್ವದೇಶದಲ್ಲಿ ಬಿಟ್ಟು, ಒಬ್ಬನೇ ಸಮುದ್ರವನ್ನು ದಾಟಿ ಅಮೆರಿಕವನ್ನು ಸೇರಿದನು. ಸೇರಿದೊಡನೆಯೇ ಜಮೀನು ಕೊಂಡು ನಾಟಿಗೆ ಕೈಹಾಕಲಿಲ್ಲವೆಂಬುದು ಪ್ರಶಂಸಾರ್ಹವಾದ ಸಂಗತಿ. ಸುಮಾರು ಎರಡು ವರ್ಷಗಳ ಕಾಲ ಆತನು ದೇಶವನ್ನು ಸುತ್ತಿ, ದ್ರಾಕ್ಷಿ ತೋಟವಿದೆಯೆಂದು ಯಾರಾದರೂ ಹೇಳಿದ ಕಡೆಗೆಲ್ಲಾ ಹೋಗಿ ಕಣ್ಣಾರೆ ನೋಡಿದನು. ದಾರಿಯ ಖರ್ಚಿಗಾಗಿ ಸಣ್ಣಪುಟ್ಟ ವ್ಯಾಪಾರವನ್ನು ಮಾಡಿದನು.

ಆತನಿಗೆ ಕಂಡದ್ದು ಆಶಾಜನಕವಾಗಿರಲಿಲ್ಲ. ಮೇರಿಲೆಂಡಿನಲ್ಲಿ ಶ್ರೀಮಂತರೊಬ್ಬರು ಇಟ್ಟಿದ್ದ ತೋಟವು ಏಳಿಗೆಯಾಗಿರಲಿಲ್ಲ. ಬಹುದೂರದ ಇಲಿನಾಯ್ ಸೀಮೆಯ ಕಸ್ಕಾಸ್ಕಿಯ ಎಂಬ ಊರಿನಲ್ಲಿ ಪಾದ್ರಿಗಳು ಹಿಂದೆ ಇಟ್ಟಿದ್ದರೆನ್ನಲಾದ ತೋಟವನ್ನು ಹುಡುಕಿಕೊಂಡು ಹೋದರೆ ಅಲ್ಲಿ ಕಾಡು ಬೆಳೆದಿತ್ತು. ಫಿಲಡೆಲ್ಫಿಯ ಪಟ್ಟಣದ ಹೊರಗೆ ಸ್ಪ್ರಿಂಗ್ ಮಿಲ್ ಎಂಬಲ್ಲಿ, ಪೀಟರ್ ಲೆಗೋ ಎಂಬ ಫ್ರೆಂಚ್ ಗೃಹಸ್ಥನ ತೋಟದಲ್ಲಿ ಮಾತ್ರ ಕೆಲವು ಬಳ್ಳಿಗಳು ಚೆನ್ನಾಗಿ ಬಂದಿದ್ದುವು. ಅವನ್ನು ಲೆಗೋ ಆಫ್ರಿಕದ ದಕ್ಷಿಣ ತುದಿಯಾದ ಕೇಪ್ ಪ್ರಾಂತದಿಂದ ಬಂದ ತಳಿಯೆಂದು ಹೇಳಿ ಮಾರುತ್ತಿದ್ದನು. ಈ ಬಳ್ಳಿಯನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು.

ಇಷ್ಟು ವಿಸ್ತಾರವಾದ ದೇಶದಲ್ಲಿ ನೂರು ವರ್ಷಗಳಿಗೂ ಹೆಚ್ಚಾಗಿ ಅನೇಕರು ಪ್ರಯತ್ನಪಟ್ಟಿದ್ದರೂ ಒಂದು ತೋಟವೂ ನೆಲೆನಿಂತಿಲ್ಲವೆಂಬುದನ್ನು ಆತನು ಪ್ರತ್ಯಕ್ಷವಾಗಿ ಕಂಡನು. ಆದರೆ ಇದು ನೆಲದ ದೋಷವಿರಲಾರದು, ಬೇಸಾಯ ತಿಳಿಯದವರ ದೋಷವೆಂದು ತೀರ್ಮಾನಿಸಿದನು. ಕುಶಲಿಯಾದ ಬೇಸಾಯಗಾರನು ಬೀಳುವ ಹಳ್ಳವೇ ಇದು. ತನ್ನ ಕೈಗುಣದ ಮೇಲೆ ಭರವಸೆಯುಳ್ಳವನು ಇತರರು ಸೋತ ಕಾರಣವನ್ನು ಪೂರ್ತಿಯಾಗಿ ವಿಚಾರಿಸುವುದಿಲ್ಲ.

ಪ್ರಥಮ ತೋಟ

1798ರಲ್ಲಿ ಡುಫೋರನು ಕೆಂಟಕಿಯ ಲೆಕ್ಸಿಂಗ್ಟನ್ ಪಟ್ಟಣದಲ್ಲಿ ಒಂದು ದ್ರಾಕ್ಷಿ ತೋಟದ ಸಂಘವನ್ನು ಸ್ಥಾಪಿಸುವಂತೆ ಅಲ್ಲಿಯ ಗೃಹಸ್ಥರನ್ನು ಪ್ರೇರೇಪಿಸಿದನು. ತಲಾ 50 ಡಾಲರಿನ 200 ಷೇರುಗಳು, ಒಟ್ಟು 10,000 ಡಾಲರು ಬಂಡವಾಳವೆಂದು ಗೊತ್ತಾಯಿತು. ಮುಂದೆ ದೇಶದ ಪ್ರಮುಖ ರಾಜಕಾರಣಿಯಾದ ಹೆನ್ರಿ ಕ್ಲೇ ಎಂಬ ತರುಣ ವಕೀಲನೂ ಷೇರುದಾರರಲ್ಲಿ ಒಬ್ಬನು. ಕೆಂಟಕಿ ನದಿಯ ತಿರುವಿನಲ್ಲಿ ಸುಮಾರು 630 ಎಕರೆ ಜಮೀನನ್ನು ಆರಿಸಿದರು. ಅದಕ್ಕೆ ‘ಪ್ರಥಮ ದ್ರಾಕ್ಷಿ ತೋಟ’ವೆಂಬ ಅರ್ಥದ ಹೆಸರನ್ನಿಟ್ಟರು.

1799ರಲ್ಲಿ ಡುಫೋರನು ಪೂರ್ವದ ಪಟ್ಟಣಗಳಿಗೆ ಹೋಗಿ 35 ಬಗೆಯ 10,000 ಬಳ್ಳಿಗಳನ್ನು 388 ಡಾಲರಿಗೆ ಕೊಂಡು ತಂದು ನಾಟಿ ಮಾಡಿಸಿದನು. ಮೊದಲ ಎರಡು ವರ್ಷಗಳಲ್ಲಿ ಬಳ್ಳಿಗಳು ಸೊಗಸಾಗಿ ಬೆಳೆದುವು. ಷೇರುದಾರರು ಸಂತೋಷಪಟ್ಟರು, ಪತ್ರಿಕೆಗಳು ಹೊಗಳಿದುವು. ಮೂರನೆಯ ವರ್ಷ ಎಲೆಗಳು ಬಣ್ಣಗೆಟ್ಟು, ಚಿಗುರುಗಳು ಕುಗ್ಗಿ, ಕಾಯಿಗಳು ಕರಗಾಗಿ ಉದುರಿ, ಬಳ್ಳಿಗಳು ಸಾಲುಸಾಲಾಗಿ ಒಣಗತೊಡಗಿದುವು. ಷೇರುದಾರರ ಉತ್ಸಾಹವೂ ಬಳ್ಳಿಗಳೊಡನೆ ಒಣಗಿತು. ಬರಬೇಕಾಗಿದ್ದ ಹಣವೂ ಪೂರ್ತಿಯಾಗಿ ಬರಲಿಲ್ಲ.

ಬಳ್ಳಿಗಳು ಸತ್ತ ಕಾರಣ

ಡುಫೋರನ ಕಾಲದಲ್ಲಿ ಈ ರೋಗಗಳ ಕಾರಣವನ್ನು ಬಲ್ಲವರು ಯಾರೂ ಇರಲಿಲ್ಲ. ಈಗ ಅದು ಸ್ಪಷ್ಟವಾಗಿದೆ. ಪೂರ್ವ ಅಮೆರಿಕದ ನೆಲದಲ್ಲಿ ಫಿಲಾಕ್ಸರ ಎಂಬ ಅತಿ ಸೂಕ್ಷ್ಮವಾದ ಹಳದಿ ಹೇನು ಇದೆ. ಅದು ದ್ರಾಕ್ಷಿಯ ಬೇರನ್ನು ಚುಚ್ಚಿ ರಸವನ್ನು ಹೀರುತ್ತದೆ. ಚುಚ್ಚಿದ ಕಡೆ ಬೇರಿನಲ್ಲಿ ಗಂಟುಗಳಾಗಿ, ಅಲ್ಲಿಂದ ಕೊಳೆಯುವ ರೋಗಗಳು ಒಳಹೊಕ್ಕು, ಕೆಲವು ವರ್ಷಗಳಲ್ಲಿ ಬೇರೆಲ್ಲವೂ ಸಾಯುತ್ತದೆ. ಇದಲ್ಲದೆ ಎಲೆಯ ಕೆಳಗೆ ಬಿಳಿಯ ಬೂಷ್ಟು ಬೆಳೆಯುವ ಬೂಜು ರೋಗ, ಎಲೆಯ ಮೇಲೆ ಬೂದಿಯಂತೆ ಹರಡುವ ಬೂದಿರೋಗ, ಕಾಯಿಯನ್ನು ಕಪ್ಪಾಗಿ ಸುಕ್ಕಿಸುವ ಕರಿಕೊಳೆರೋಗ, ಇವುಗಳ ಬೀಜಾಣುಗಳೂ ಅಲ್ಲಿಯ ಗಾಳಿಯಲ್ಲಿದ್ದುವು.

ಅಮೆರಿಕದ ಕಾಡುದ್ರಾಕ್ಷಿಗಳು ಈ ಶತ್ರುಗಳೊಡನೆಯೇ ಅನಾದಿಯಿಂದ ಬಾಳಿಬಂದವುಗಳಾದ್ದರಿಂದ ಅವಕ್ಕೆ ತಡೆದುಕೊಳ್ಳುವ ಶಕ್ತಿ ಬಂದಿತ್ತು. ಹೇನು ಕಚ್ಚಿದ ಕಡೆಯಲ್ಲಿ ಅವುಗಳ ಬೇರು ಬೆಂಡಿನಂತಹ ಪೊರೆಯನ್ನು ಕಟ್ಟಿಕೊಂಡು ಗಾಯವನ್ನು ಮುಚ್ಚುತ್ತದೆ. ಯೂರೋಪಿನ ದ್ರಾಕ್ಷಿಯು ಈ ಶತ್ರುವನ್ನು ಎಂದೂ ಕಂಡಿರಲಿಲ್ಲವಾಗಿ, ಅದಕ್ಕೆ ಆ ಶಕ್ತಿ ಇರಲಿಲ್ಲ. ಡುಫೋರನು ಎಷ್ಟು ಕುಶಲತೆಯಿಂದ ಸವರಿದರೂ, ಎಷ್ಟು ಗೊಬ್ಬರ ಹಾಕಿದರೂ, ನೆಲದೊಳಗಿನ ಹೇನಿಗೆ ಅದರಿಂದ ಏನೂ ಬಾಧಕವಿರಲಿಲ್ಲ.

ಅರುವತ್ತು ವರ್ಷಗಳಾದಮೇಲೆ ಈ ಹೇನು ಅಮೆರಿಕದ ಗಿಡಗಳೊಡನೆ ಫ್ರಾನ್ಸ್ ದೇಶವನ್ನು ಹೊಕ್ಕಿತು. 1868ರಲ್ಲಿ ಪ್ಲಾಂಶೋನ್ ಮೊದಲಾದ ಶಾಸ್ತ್ರಜ್ಞರು ಸಾಯುತ್ತಿದ್ದ ಬಳ್ಳಿಗಳ ಬೇರಿನಲ್ಲಿ ಅದನ್ನು ಕಂಡುಹಿಡಿಯುವ ಹೊತ್ತಿಗೆ ಅನರ್ಥವು ಬಹುದೂರ ಹರಡಿತ್ತು. ಕೊನೆಗೆ ಅಮೆರಿಕದ ಕಾಡುಬಳ್ಳಿಯ ಬೇರಿನ ಮೇಲೆ ಯೂರೋಪಿನ ದ್ರಾಕ್ಷಿಯನ್ನು ಕಸಿಮಾಡಿದಮೇಲೆಯೇ ಅಲ್ಲಿಯ ತೋಟಗಳು ಉಳಿದುವು. ಬೂಜು ರೋಗಕ್ಕೆ ಮೈಲುತುತ್ತ ಮತ್ತು ಸುಣ್ಣಗಳ ದ್ರಾವಣವು ಫ್ರಾನ್ಸಿನಲ್ಲಿ ಬಳಕೆಗೆ ಬಂದುದು 1885ರಲ್ಲಿ. ನಮ್ಮ ರೈತರು ಇದನ್ನೇ ಬೋರ್ಡೋ ದ್ರಾವಣವೆನ್ನುತ್ತಾರೆ.

ಉಳಿದ ಬಳ್ಳಿ

ಪ್ರಥಮ ತೋಟದ 35 ಬಗೆಗಳಲ್ಲಿ ಹೇಳಿಕೊಳ್ಳುವಂತೆ ಉಳಿದವು ಎರಡು. ಮದೀರಾ ಎಂಬ ಹೆಸರಿನದೊಂದು. ಎಲ್ಲಕ್ಕಿಂತ ಬಲವಾಗಿ ನಿಂತದ್ದು, ಲೆಗೋನಿಂದ ಬಂದ ಆ ‘ಕೇಪ್’ ಬಳ್ಳಿ. ಡುಫೋರನು ಇದನ್ನು ಕಂಡೊಡನೆ ಮಿಕ್ಕವುಗಳ ವ್ಯಾಮೋಹವನ್ನು ಬಿಟ್ಟು, ಬದುಕಿದ ಬಳ್ಳಿಯ ತುಂಡುಗಳನ್ನೇ ನಾಟಿ ಹೆಚ್ಚಿಸಿದನು. ಆತನ ಬಾಳಿನಲ್ಲಿ ಅತ್ಯಂತ ವಿವೇಕದ ಕೆಲಸವು ಇದೇ.

ಆ ಬಳ್ಳಿಯ ನಿಜವಾದ ಕುಲವನ್ನೂ ಇಲ್ಲಿ ಹೇಳಬೇಕು. ಅದು ಆಫ್ರಿಕದ್ದಲ್ಲ. ಪೆನ್ಸಿಲ್ವೇನಿಯ ಸೀಮೆಯ ಸ್ಥಾಪಕನಾದ ವಿಲಿಯಂ ಪೆನ್ ಎಂಬಾತನು ಹದಿನೇಳನೆಯ ಶತಮಾನದ ಕೊನೆಯಲ್ಲಿ ಫಿಲಡೆಲ್ಫಿಯದ ಬಳಿ ಯೂರೋಪಿನ ದ್ರಾಕ್ಷಿಯನ್ನು ನಾಟಿಸಿದ್ದನು. ಆ ತೋಟವು ಕೆಟ್ಟುಹೋಯಿತು. ಆದರೆ ಕೆಡುವುದಕ್ಕೆ ಮುಂಚೆ ಅಲ್ಲಿಯ ಹೂವಿನ ಪರಾಗವೂ ಸಮೀಪದ ಕಾಡುದ್ರಾಕ್ಷಿಯ ಹೂವೂ ಕೂಡಿ ಒಂದು ಮಿಶ್ರಸಂತಾನವು ತಾನಾಗಿಯೇ ಹುಟ್ಟಿದ್ದಿತೆಂದು ತಜ್ಞರು ಹೇಳುತ್ತಾರೆ. ಸುಮಾರು 1740ರಲ್ಲಿ ಪೆನ್ ಮನೆತನದ ತೋಟಗಾರನಾದ ಜೇಮ್ಸ್ ಅಲೆಕ್ಸಾಂಡರ್ ಎಂಬವನು ಅದನ್ನು ಕಂಡು ತಂದು ಬೆಳೆಸಿದನು. ಅವನ ಹೆಸರಿನಿಂದ ಅದಕ್ಕೆ ಅಲೆಕ್ಸಾಂಡರ್ ದ್ರಾಕ್ಷಿಯೆಂದು ಹೆಸರಾಯಿತು. ಇದಕ್ಕೆ ರೋಗವನ್ನು ತಡೆಯುವ ಶಕ್ತಿಯು ಕಾಡಿನ ಕಡೆಯಿಂದ ಬಂದಿತು. ಕಾಡುದ್ರಾಕ್ಷಿಯಲ್ಲಿ ಗಂಡುಬಳ್ಳಿಯೂ ಹೆಣ್ಣುಬಳ್ಳಿಯೂ ಬೇರೆ ಬೇರೆಯಾಗಿರುತ್ತವೆ. ಒಂದೇ ಹೂವಿನಲ್ಲಿ ಎರಡು ಅಂಗಗಳೂ ಇದ್ದು ಪ್ರತಿಯೊಂದು ಬಳ್ಳಿಯೂ ಕಾಯಿ ಕಚ್ಚುವ ಗುಣವು ಇದಕ್ಕೆ ಯೂರೋಪಿನ ಕಡೆಯಿಂದ ಬಂದಿತು.

ಹೀಗೆ, ಪರದೇಶದ್ದೆಂದು ಹೆಸರು ಹೇಳಿ ಮಾರಿದ ಬಳ್ಳಿಯು ಆ ದೇಶದ ಮಣ್ಣಿನಲ್ಲಿಯೇ ಹುಟ್ಟಿದ್ದಾಗಿತ್ತು. ಅದು ಬದುಕಿದ್ದೂ ಆ ಕಾರಣದಿಂದಲೇ.

ಒಡಹುಟ್ಟಿದವರ ಆಗಮನ

ಪ್ರಥಮ ತೋಟವು ಇನ್ನೂ ಹಸುರಾಗಿದ್ದಾಗಲೇ ಡುಫೋರನು ಊರಿಗೆ ಕಾಗದ ಬರೆದು ತನ್ನವರನ್ನು ಕರೆಸಿಕೊಂಡನು. 1801ರಲ್ಲಿ ಆತನ ತಮ್ಮಂದಿರೂ ತಂಗಿಯರೂ ನೆರೆಹೊರೆಯ ಕೆಲವು ಸಂಸಾರಗಳೊಡನೆ ಸಮುದ್ರವನ್ನು ದಾಟಿ ಕೆಂಟಕಿಗೆ ಬಂದರು. ಇವರು ಬಂದು ಒಂದು ವರ್ಷವಾಗುವಷ್ಟರಲ್ಲಿ ತೋಟವು ಸಾಯತೊಡಗಿತು. ಕರೆಸಿಕೊಂಡ ಹಿರಿಯಣ್ಣನ ಮನಸ್ಸಿನ ಕಷ್ಟವನ್ನು ಕುಟುಂಬದ ಭಾರ ಹೊತ್ತಿರುವ ವಾಚಕರು ಊಹಿಸಿಕೊಳ್ಳಬಲ್ಲರು.

ಆದರೂ ಇವರು ಒಬ್ಬರನ್ನೊಬ್ಬರು ಬಿಟ್ಟುಹೋಗಲಿಲ್ಲ. ಉಳಿದ ಬಳ್ಳಿಗಳಿಂದ ತೆಗೆದ ದ್ರಾಕ್ಷಾರಸದ ಎರಡು ಸಣ್ಣ ಪೀಪಾಯಿಗಳನ್ನು ತಮ್ಮನಾದ ಜಾನ್ ಫ್ರಾನ್ಸಿಸನು ಕುದುರೆಯ ಮೇಲೆ ಹೇರಿಕೊಂಡು, ಬೆಟ್ಟಗಳನ್ನು ದಾಟಿ ರಾಜಧಾನಿಗೆ ಹೋಗಿ, ಅಧ್ಯಕ್ಷನಾದ ಜೆಫರ್ಸನನಿಗೆ ಒಪ್ಪಿಸಿದನು. ಜೆಫರ್ಸನನು ಸ್ವತಃ ದ್ರಾಕ್ಷಿ ಬೆಳೆಯಲು ಪ್ರಯತ್ನಿಸಿ ವಿಫಲನಾಗಿದ್ದವನಾದ್ದರಿಂದ ಈ ಕಾಣಿಕೆಯ ಹಿಂದಿನ ಶ್ರಮವನ್ನು ಅರಿಯಬಲ್ಲವನಾಗಿದ್ದನು.

ಓಹಿಯೋ ನದಿಯ ದಡದಲ್ಲಿ ಹೊಸ ನೆಲೆ

ಕೆಂಟಕಿಯಲ್ಲಿ ತೋಟವು ಸಂಘದ್ದು. ಜಮೀನು ಇವರ ಸ್ವಂತದ್ದಲ್ಲ. ಸ್ವಂತ ನೆಲವಿಲ್ಲದೆ ಕುಟುಂಬವು ನಿಲ್ಲಲಾರದೆಂದು ಡುಫೋರನು ಅಮೆರಿಕದ ಪಾರ್ಲಿಮೆಂಟಿಗೆ ಅರ್ಜಿ ಹಾಕಿದನು. 1802ನೆಯ ಇಸವಿ ಮೇ 1ನೆಯ ತಾರೀಖು ಆತನ ಮತ್ತು ಆತನ ಸಂಗಡಿಗರ ಸಲುವಾಗಿಯೇ ಒಂದು ಪ್ರತ್ಯೇಕ ಶಾಸನವು ಮಂಜೂರಾಯಿತು. ಓಹಿಯೋ ನದಿಯ ಉತ್ತರ ದಡದಲ್ಲಿ ನಾಲ್ಕು ಚದರ ಮೈಲಿಗಳವರೆಗೆ, ಎಂದರೆ 2,560 ಎಕರೆಗಳವರೆಗೆ, ಎಕರೆಗೆ 2 ಡಾಲರಿನಂತೆ ಕೊಂಡುಕೊಳ್ಳಬಹುದೆಂದೂ, ಹಣವನ್ನು ಬಡ್ಡಿಯಿಲ್ಲದೆ 1814ನೆಯ ಜನವರಿ 1ರೊಳಗಾಗಿ ಸಲ್ಲಿಸಬಹುದೆಂದೂ ಅದರಲ್ಲಿ ವಿಧಿಸಿತ್ತು. ಆ ಕಾಲದಲ್ಲಿ ಇತರರಿಗೆ ಸರಕಾರೀ ಭೂಮಿಯ ದರ ಇದೇ ಆಗಿದ್ದರೂ, ಕಾಲುಭಾಗ ಹಣವನ್ನು ಮೊದಲು ಕಟ್ಟಿ, ಬಾಕಿಯನ್ನು ನಾಲ್ಕು ವರ್ಷಗಳಲ್ಲಿ ತೀರಿಸಬೇಕಾಗಿತ್ತು. ದ್ರಾಕ್ಷಿಯಂತಹ ತೋಟದ ಬೆಳೆಗೆ ನಾಲ್ಕು ವರ್ಷ ಸಾಲದು. ಗಿಡವು ಫಲಕ್ಕೆ ಬರುವ ಮುಂಚೆಯೇ ಸಾಲದ ವಾಯಿದೆ ಬಂದರೆ ಬೇಸಾಯಗಾರನು ಎಷ್ಟು ಜಾಣನಾದರೂ ಮುಳುಗುತ್ತಾನೆ.

ಕುಟುಂಬದವರು ಈ ಜಮೀನನ್ನು ತಮ್ಮತಮ್ಮೊಳಗೆ ಹಂಚಿಕೊಂಡು, ಕಾಡನ್ನು ಕಡಿದು, ಕೇಪ್ ಬಳ್ಳಿಯನ್ನು ನಾಟಿದರು. ಅದಕ್ಕೆ ‘ಹೊಸ ಸ್ವಿಟ್ಜರ್ಲೆಂಡ್’ ಎಂದು ಹೆಸರಿಟ್ಟರು. 1806ರಲ್ಲಿ ಡುಫೋರನು ಸ್ವದೇಶದ ವ್ಯವಹಾರಗಳನ್ನು ತೀರಿಸಿ ಬರುವೆನೆಂದು ಯೂರೋಪಿಗೆ ಹೋದವನು, ಅಲ್ಲಿಯ ಯುದ್ಧಗಳ ಕಾರಣದಿಂದ ಸುಮಾರು ಹತ್ತು ವರ್ಷಗಳ ಕಾಲ ಹಿಂದಿರುಗಲಾಗಲಿಲ್ಲ. ಕೆಂಟಕಿಯ ಹಳೆಯ ತೋಟವು 1809ರ ವಸಂತದ ಹಿಮಕ್ಕೆ ತುತ್ತಾಗಿ ಪೂರ್ತಿಯಾಗಿ ಕೈಬಿಟ್ಟುಹೋಯಿತು. ಹಿರಿಯನಿಲ್ಲದ ಆ ಹತ್ತು ವರ್ಷಗಳಲ್ಲಿ ಓಹಿಯೋ ದಡದ ನೆಲೆಯನ್ನು ಕಟ್ಟಿ ನಿಲ್ಲಿಸಿದವರು ಆತನ ತಮ್ಮಂದಿರೂ ತಂಗಿಯರೂ, ಒಬ್ಬ ತಂಗಿಯಾದ ಆಂಟ್ವನೆಟ್ ಎಂಬವಳ ಗಂಡನಾದ ಜಾನ್ ಡೇನಿಯಲ್ ಮೊರೆರೋ ಎಂಬವನೂ.

1810ರಲ್ಲಿ ಈ ನೆಲೆಯಲ್ಲಿ 2,400 ಗ್ಯಾಲನ್ ದ್ರಾಕ್ಷಾರಸವು ಉತ್ಪನ್ನವಾಯಿತು. ಮುಂದಿನ ಹತ್ತು ವರ್ಷಗಳಲ್ಲಿ ಇದು ಹಲವು ಮಡಿಯಾಗಿ ಬೆಳೆಯಿತು. ಅಮೆರಿಕದಲ್ಲಿ ದ್ರಾಕ್ಷಾರಸವನ್ನು ವ್ಯಾಪಾರಕ್ಕಾಗಿ ವರ್ಷವರ್ಷವೂ ತೆಗೆದು ಲಾಭ ಪಡೆದವರಲ್ಲಿ ಇವರೇ ಮೊದಲಿಗರೆಂದು ಚರಿತ್ರಕಾರರು ಎಣಿಸುತ್ತಾರೆ. 1813ರಲ್ಲಿ ತಮ್ಮಂದಿರು ತಮ್ಮ ಜಮೀನಿನಲ್ಲಿಯೇ ಊರಿನ ನಿವೇಶನಗಳನ್ನು ಅಳೆದು, ಅದಕ್ಕೆ ತಮ್ಮ ಹುಟ್ಟಿದೂರಿನ ವೆವೇ ಎಂಬ ಹೆಸರನ್ನೇ ಇಟ್ಟರು. 1814ರಲ್ಲಿ ಸುತ್ತಲ ಸೀಮೆಗೆ ಸ್ವಿಟ್ಜರ್ಲೆಂಡ್ ಜಿಲ್ಲೆಯೆಂದು ಹೆಸರಾಯಿತು. ಇಂಡಿಯಾನ ಸಂಸ್ಥಾನದಲ್ಲಿ ಆ ಊರೂ ಆ ಜಿಲ್ಲೆಯೂ ಈಗಲೂ ಅದೇ ಹೆಸರಿನಿಂದಿವೆ.

ಇವರು ದ್ರಾಕ್ಷಿಯೊಂದನ್ನೇ ನಂಬಿ ಕುಳಿತಿರಲಿಲ್ಲವೆಂಬುದು ಗಮನಾರ್ಹವಾದುದು. ಬಳ್ಳಿಯು ಫಲಕ್ಕೆ ಬರುವವರೆಗೆ ಧಾನ್ಯವನ್ನೂ ಗೆಡ್ಡೆಗಳನ್ನೂ ಬೆಳೆದರು. ಮನೆಯ ಹೆಂಗಸರು ಹುಲ್ಲುಕಡ್ಡಿಗಳಿಂದ ಟೋಪಿಗಳನ್ನು ಮಾಡಿದರು. ಅವರ ಟೋಪಿಗಳು ಇತರರು ಮಾಡುವಂತೆ ಜಡೆ ಹೆಣೆದು ಹೊಲಿದವಾಗಿರದೆ ಕಡ್ಡಿಗಳನ್ನು ಒಂದಕ್ಕೊಂದು ಕಟ್ಟಿದವಾಗಿದ್ದುದರಿಂದ ನದಿಯ ಕೆಳಗಿನ ಸೀಮೆಗಳವರೆಗೂ ಮಾರಾಟವಾದುವು. ತೋಟವು ಬರಡಾಗಿರುವ ವರ್ಷಗಳಲ್ಲಿ ಸಂಸಾರವನ್ನು ಸಾಗಿಸುವುದು ಇಂತಹ ಕೈಕಸಬೇ.

ಕೊನೆಯ ದಿನಗಳು

ಡುಫೋರನು ಹಿಂದಿರುಗಿ ಬಂದು, ತನ್ನ ಮೂವತ್ತು ವರ್ಷಗಳ ಅನುಭವವನ್ನು ಒಂದು ಪುಸ್ತಕವಾಗಿ ಬರೆದು 1826ರಲ್ಲಿ ಸಿನ್ಸಿನಾಟಿ ಪಟ್ಟಣದಲ್ಲಿ ಪ್ರಕಟಿಸಿದನು. ಅಮೆರಿಕದ ದ್ರಾಕ್ಷಿ ಬೇಸಾಯಗಾರನಿಗೆ ಕೈಪಿಡಿ ಎಂಬುದು ಅದರ ಹೆಸರಿನ ಅರ್ಥ. ತನ್ನ ಸೋಲುಗಳನ್ನು ಅದರಲ್ಲಿ ಮರೆಮಾಡಲಿಲ್ಲ. ಮರುವರ್ಷ ತೀರಿಕೊಂಡನು.

ಒಂದು ವಿಷಯದಲ್ಲಿ ಮಾತ್ರ ಆತನು ಕೊನೆಯವರೆಗೂ ಹಟವನ್ನು ಬಿಡಲಿಲ್ಲ. ತನ್ನ ಬಳ್ಳಿಯು ಕಾಡುದ್ರಾಕ್ಷಿಯ ಸಂಬಂಧದ್ದೆಂದು ಇತರರು ಹೇಳಿದರೂ, ಅದು ಕೇಪ್ ಪ್ರಾಂತದ ಕುಲೀನವಾದ ಬಳ್ಳಿಯೇ ಎಂದು ವಾದಿಸಿದನು. ಅದರ ಹುಟ್ಟನ್ನು ಒಪ್ಪಿಕೊಂಡಿದ್ದಲ್ಲಿ, ಕಾಡುಬಳ್ಳಿಗೂ ಊರಬಳ್ಳಿಗೂ ಬೆರಕೆ ಮಾಡಿ ಅದಕ್ಕಿಂತ ಉತ್ತಮವಾದ ತಳಿಯನ್ನು ಬೆಳೆಸಬಹುದೆಂಬ ಯೋಚನೆಯು ಆತನಿಗೆ ಹೊಳೆಯುತ್ತಿತ್ತೋ ಏನೋ. ಆ ದಾರಿಯು ಮುಂದಿನ ತಲೆಮಾರಿನವರಿಗೆ ಉಳಿಯಿತು.

ಆತನ ತರುವಾಯ ವೆವೇ ತೋಟಗಳು ಕ್ಷೀಣಿಸಿದುವು. ಕೇಪ್ ಬಳ್ಳಿಯೂ ಕರಿಕೊಳೆರೋಗಕ್ಕೆ ಪೂರ್ತಿಯಾಗಿ ಹೊರತಾಗಿರಲಿಲ್ಲ. ಅದರ ರಸವು ಒಗರೆಂದು ಕೊಳ್ಳುವವರು ಹಿಂದೆಗೆದರು. ಸಿನ್ಸಿನಾಟಿಯ ಬೇಸಾಯಗಾರರು ಕಟಾಬ ಎಂಬ ಮತ್ತೊಂದು ಅಮೆರಿಕದ ತಳಿಯನ್ನು ಹಿಡಿದರು. ಡುಫೋರನ ಮನೆತನದ ಮಕ್ಕಳು ಬೇರೆ ಬೆಳೆಗಳಿಗೂ ವ್ಯಾಪಾರಕ್ಕೂ ತಿರುಗಿದರು. ಆದರೆ ಜಮೀನು ಅವರದಾಗಿ ಉಳಿದಿತ್ತು, ಊರು ನಿಂತಿತ್ತು.

ನಮ್ಮ ಸೀಮೆಗೂ ಇದಕ್ಕೂ ಸಂಬಂಧ

ಬೆಂಗಳೂರು, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಬೆಂಗಳೂರು ನೀಲಿ ದ್ರಾಕ್ಷಿಯನ್ನು ಬಾಯಲ್ಲಿಟ್ಟು ಹಿಸುಕಿದರೆ ತಿರುಳು ಇಡಿಯಾಗಿ ಸಿಪ್ಪೆಯಿಂದ ಜಾರಿ ಬರುವುದನ್ನು ಎಲ್ಲರೂ ಬಲ್ಲರು. ಇದು ಅಮೆರಿಕದ ಕಾಡುದ್ರಾಕ್ಷಿಯ ವಂಶದ ಗುರುತು. ಅಲೆಕ್ಸಾಂಡರ್ ಬಳ್ಳಿಯ ಹಾಗೆಯೇ ಇದೂ ಅಮೆರಿಕದ ಕಾಡುದ್ರಾಕ್ಷಿಯ ರಕ್ತವುಳ್ಳ ಮಿಶ್ರತಳಿಯೆಂದು ತಜ್ಞರು ಹೇಳುತ್ತಾರೆ. ವಿಜಯಪುರದ ಕಡೆ ಬೀಜವಿಲ್ಲದ ದ್ರಾಕ್ಷಿಯನ್ನು ಡಾಗ್‌ರಿಡ್ಜ್ ಎಂಬ ಬೇರುಗಿಡದ ಮೇಲೆ ಕಸಿಮಾಡಿ ಬೆಳೆಯುತ್ತಾರೆ. ಆ ಬೇರುಗಿಡವೂ ಅಮೆರಿಕದ ಕಾಡುಬಳ್ಳಿಯೇ. ಚೌಳನ್ನೂ ನೀರಿನ ಅಭಾವವನ್ನೂ ತಡೆದುಕೊಳ್ಳುವುದೆಂದು ಅದನ್ನು ಆರಿಸಿದ್ದಾರೆ. ಕಣ್ಣಿಗೆ ಕಾಣುವ ಹಣ್ಣು ಒಂದು ದೇಶದ್ದು, ನೆಲದೊಳಗೆ ದುಡಿಯುವ ಬೇರು ಮತ್ತೊಂದು ದೇಶದ್ದು. ಡುಫೋರನಿಗೆ ತಿಳಿಯದೆ ಹೋದ ರಹಸ್ಯವು ಈಗ ನಮ್ಮ ರೈತರ ದಿನಬಳಕೆಯ ವಿದ್ಯೆಯಾಗಿದೆ.

ಜಮೀನುದಾರರು ಗಮನಿಸತಕ್ಕ ವಿಷಯಗಳು

ಇಲ್ಲಿ ನನ್ನ ಸ್ವಂತ ಅನುಭವವೊಂದನ್ನು ಹೇಳಬೇಕಾಗಿದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಬ್ಬ ಜಮೀನುದಾರರಿಗೆ ದೂರದ ಊರಿನಿಂದ ಕಿತ್ತಳೆಯ ಸಸಿಗಳನ್ನು ತರಿಸಿ ನಾಟಿಮಾಡುವಂತೆ ಸಲಹೆ ಕೊಟ್ಟೆನು. ಅವರು ನನ್ನ ಮಾತಿನಲ್ಲಿ ವಿಶ್ವಾಸವಿಟ್ಟು ಮೂರು ಎಕರೆಗೂ ಒಮ್ಮೆಗೇ ನಾಟಿದರು. ಆ ನೆಲವು ಮೂರು ಅಡಿ ಕೆಳಗೆ ನೀರು ಬಸಿಯದ ಜೇಡಿಯಾಗಿತ್ತು. ನಾನು ಗುಣಿ ತೆಗೆಸಿ ನೋಡಿರಲಿಲ್ಲ. ನಾಲ್ಕನೆಯ ವರ್ಷ ಗಿಡಗಳು ತುದಿಯಿಂದ ಒಣಗುತ್ತ ಬಂದುವು. ಆ ಹಿರಿಯರು ನನ್ನ ಮೇಲೆ ಕೋಪಿಸಿಕೊಳ್ಳಲಿಲ್ಲ. “ನಾಟಿರೆಂದು ಹೇಳಿದಿರಿ ಸ್ವಾಮಿ, ಮೊದಲು ಹತ್ತು ಗಿಡ ನಾಟಿ ನೋಡಿರೆಂದು ಹೇಳಲಿಲ್ಲ” ಎಂದಷ್ಟೇ ಹೇಳಿದರು. ಆ ಮಾತನ್ನು ನಾನು ಇಂದಿಗೂ ಮರೆತಿಲ್ಲ. ಈ ಲೇಖನವನ್ನು ಬರೆಯಲು ಅದೇ ಕಾರಣ.

ಆದಕಾರಣ ಹೊಸ ಬೆಳೆಗೆ ಅಥವಾ ಹೊಸ ತಳಿಗೆ ಕೈಹಾಕುವವರು ಕೆಳಗಿನ ಅಂಶಗಳನ್ನು ಮನಸ್ಸಿನಲ್ಲಿಡತಕ್ಕದ್ದು:

1. ಒಂದು ಬೆಳೆಯು ಊರಿನಲ್ಲಿ ಹಿಂದೆ ಕೆಟ್ಟಿದ್ದರೆ, ಕೆಟ್ಟವನ ಅಜ್ಞಾನವೇ ಕಾರಣವೆಂದು ಬೇಗ ನಿರ್ಣಯಿಸಬಾರದು. ಅವನ ಹೊಲಕ್ಕೆ ಹೋಗಿ, ಒಣಗಿದ ಗಿಡವನ್ನು ಬೇರುಸಹಿತ ಕಿತ್ತು ನೋಡಬೇಕು.

2. ಮೊದಲ ವರ್ಷ ಮೂಲೆಯ ಹತ್ತು ಗುಂಟೆಗೆ ಮಾತ್ರ, ಎರಡು ಮೂರು ತಳಿಗಳನ್ನು ಸಾಲುಸಾಲಾಗಿ ಹಾಕಬೇಕು. ತೋಟದ ಬೆಳೆಯಾದರೆ ಎರಡು ವರ್ಷದ ಹಸುರನ್ನು ನೋಡಿ ಮೋಸಹೋಗಕೂಡದು. ಡುಫೋರನ ಬಳ್ಳಿಗಳು ಮೂರನೆಯ ವರ್ಷದಲ್ಲಿ ಸತ್ತುವು.

3. ಮಾರುವವನು ಹೇಳುವ ಹೆಸರೂ ದೇಶವೂ ಸಾಕ್ಷಿಯಲ್ಲ. ಯಾವ ಬೇರಿನ ಮೇಲೆ ಕಸಿಮಾಡಿದೆ, ಯಾವ ನೆಲದಲ್ಲಿ ಎಷ್ಟು ವರ್ಷ ನಿಂತಿದೆ, ಎಂಬುದನ್ನು ವಿಚಾರಿಸಿ, ಸಾಧ್ಯವಾದರೆ ಹೋಗಿ ನೋಡಿಕೊಂಡು ಬರಬೇಕು.

4. ಉಳಿದ ಗಿಡವನ್ನು ಗಮನಿಸಬೇಕು. ಹತ್ತು ಸಾಲು ಒಣಗಿ ಒಂದು ಸಾಲು ನಿಂತಿದ್ದರೆ, ಆ ಒಂದು ಸಾಲೇ ನೆಲವು ನಮಗೆ ಕೊಟ್ಟ ಉತ್ತರ.

5. ಸಾಲದ ವಾಯಿದೆಯು ಗಿಡದ ಫಲದ ಕಾಲಕ್ಕೆ ಹೊಂದಿಕೊಂಡಿರಬೇಕು. ಫಲ ಬರುವವರೆಗೆ ಮನೆಯ ಖರ್ಚಿಗೆ ಬೇರೆ ಬೆಳೆಯೋ ಕೈಕೆಲಸವೋ ಇರತಕ್ಕದ್ದು.

6. ನಾಟಿಯ ತಾರೀಖು, ಸಸಿ ಬಂದ ಸ್ಥಳ, ಮಳೆ, ರೋಗ, ಖರ್ಚು, ಇವುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಸೋತದ್ದನ್ನೂ ಬರೆಯಬೇಕು. ಬರೆಯದ ಸೋಲನ್ನು ಮಗನು ಪುನಃ ಹಣ ಕೊಟ್ಟು ಕೊಳ್ಳಬೇಕಾಗುತ್ತದೆ.

ಗ್ರಾಮದ ಮುಖಂಡರಾದವರಿಗೆ ಒಂದು ಮಾತು ಹೆಚ್ಚಾಗಿ ಹೇಳಬೇಕು. ಹೊಸ ಬೆಳೆಯನ್ನು ಊರಿನವರು ನಿಮ್ಮ ಹೊಲದಲ್ಲಿ ನೋಡಿ ಕಲಿಯುತ್ತಾರೆ. ನೀವು ಒಂದೇ ವರ್ಷ ಎಲ್ಲಾ ಜಮೀನಿಗೂ ನಾಟಿದರೆ ಬಡವನೂ ತನ್ನ ಅರ್ಧ ಎಕರೆಯನ್ನು ಪೂರ್ತಿ ನಾಟುತ್ತಾನೆ. ನಿಮ್ಮ ನಷ್ಟವನ್ನು ನೀವು ತಡೆದುಕೊಳ್ಳಬಹುದು, ಅವನು ತಡೆದುಕೊಳ್ಳಲಾರನು. ಆದ್ದರಿಂದ ನಿಮ್ಮ ಹೊಲದ ಮೂಲೆಯಲ್ಲಿ ಒಂದು ಪರೀಕ್ಷೆಯ ಪಟ್ಟೆಯು ಯಾವಾಗಲೂ ಇರಲಿ. ಅದು ಬೆಳೆದಾಗಲೂ ಒಣಗಿದಾಗಲೂ ಊರಿನವರನ್ನು ಕರೆದು ತೋರಿಸುವುದಕ್ಕೆ ಸಂಕೋಚಪಡಬಾರದು.